ಜಲಜಕ್ಕನ ಮುಖಕ್ಕೆ ಪುರಾವೆ ಬೇಕಂತೆ

ಕುವೈತ್ ವಿಮಾನ ನಿಲ್ದಾಣಕ್ಕೆ ಜಲಜಕ್ಕ ಒಂದೇ ಒಂದು ಕೈಚೀಲ ಹಿಡಿದು ಬಂದಿದ್ದರು. ಸಲ್ವಾದ ಒಂದು ಮನೆಯಲ್ಲಿ ಐದು ವರ್ಷ ಅಡುಗೆ ಮಾಡಿ, ನೆಲ ಒರೆಸಿ, ಇನ್ನೊಬ್ಬರ ಮಕ್ಕಳನ್ನು ಸಾಕಿದ ಹೆಂಗಸಿನ ಸಾಮಾನು ಅಷ್ಟೇ. ಚೀಲದೊಳಗೆ ಒಂದು ಹಸಿರು ರೇಷ್ಮೆ ಸೀರೆ ಇತ್ತು. ವಿಮಾನ ಬೆಳಿಗ್ಗೆ ಮುಂಬೈ ಮುಟ್ಟುತ್ತದೆ, ಅಲ್ಲಿಂದ ಇನ್ನೊಂದು ವಿಮಾನ ಮಂಗಳೂರಿಗೆ. ಅದರ ಮರುದಿನ ಹನ್ನೊಂದಕ್ಕೆ ಕಾಪುವಿನಲ್ಲಿ ಅವರ ಮಗಳ ಬಯಕೆ. ಏಳು ತಿಂಗಳ ಬಸುರಿ ಮಗಳಿಗೆ ತಾಯಿ ಹೂ ಮುಡಿಸಿ ಸೀರೆ ಕೊಡುವ ಶಾಸ್ತ್ರ. ಐದು ವರ್ಷದಿಂದ ಮಗಳ ಮುಖ ನೋಡದ ತಾಯಿಗೆ ಅದು ಬರೀ ಶಾಸ್ತ್ರವಾಗಿರಲಿಲ್ಲ.

ನಾನು ಕುವೈತಿನ ಶುವೈಖ್‌ನ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಸ್ಟೋರ್ ನೋಡಿಕೊಳ್ಳುವವನು, ರಜೆಗೆ ಉಡುಪಿಗೆ ಹೊರಟಿದ್ದೆ. "ನೀವು ಹೇಗೂ ಹೋಗ್ತೀರಲ್ಲ ಮಾರಾಯ್ರೆ, ಅವರನ್ನೂ ಕರ್ಕೊಂಡು ಹೋಗಿ" ಎಂದು ಅಲ್ಲಿನ ನಮ್ಮ ಊರಿನವರೆಲ್ಲ ಹೇಳಿದರು. ಜಲಜಕ್ಕನ ಪಾಸ್‌ಪೋರ್ಟ್ ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಯಜಮಾನನ ಕೈಯಲ್ಲಿತ್ತು. ಊರಿಗೆ ಹೋಗಬೇಕು ಎಂದಾಗ ಆತ "ಕಳೆದುಹೋಗಿದೆ, ಖಲಾಸ್" ಎಂದುಬಿಟ್ಟ. ಐದು ವರ್ಷ ಅವನ ಕಪಾಟಿನೊಳಗೇ ಇದ್ದದ್ದು ಎದ್ದು ಎಲ್ಲಿಗೆ ಹೋಗುತ್ತದೆ? ಕೊನೆಗೆ ನಮ್ಮ ರಾಯಭಾರ ಕಚೇರಿಯಿಂದ ಸಿಕ್ಕಿದ್ದು ಒಂದೇ ಪ್ರಯಾಣಕ್ಕೆ ನಡೆಯುವ ತುರ್ತು ಪತ್ರ. ನಮ್ಮವರು ಅದನ್ನು ಬಿಳಿ ಪಾಸ್‌ಪೋರ್ಟ್ ಅನ್ನುತ್ತಾರೆ. ಅದೊಂದಿದ್ದರೆ ಮನೆಬಾಗಿಲವರೆಗೂ ಹೋಗಬಹುದು ಎಂದೇ ನಾವೆಲ್ಲ ನಂಬಿದ್ದೆವು.

ಮುಂಬೈಯಲ್ಲಿ ಇಳಿದಾಗ ಬೆವರು ಸುರಿಯುವ ಸೆಕೆ. ವಲಸೆ ಕೌಂಟರಿನ ಅಧಿಕಾರಿ ಬಿಳಿ ಪಾಸ್‌ಪೋರ್ಟಿಗೆ ಮೊಹರು ಹೊಡೆದು, ಅದನ್ನು ತನ್ನ ಡ್ರಾಯರಿಗೆ ಹಾಕಿಕೊಂಡರು. ವಾಪಸು ಕೊಡುವುದಿಲ್ಲವೇ ಎಂದು ಕೇಳಿದೆ. "ಇದನ್ನು ಇಲ್ಲೇ ಒಪ್ಪಿಸಬೇಕು. ದೇಶಕ್ಕೆ ಬಂದಾಯಿತಲ್ಲ, ಇನ್ನೇಕೆ?" ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಜಲಜಕ್ಕ ಅವರಿಗೆ ಕೈಮುಗಿದು ಹೊರಬಂದರು.

ಮಂಗಳೂರು ವಿಮಾನ ಹತ್ತಲು ಒಳಹೋಗುವ ನಿಲ್ದಾಣದ ಬಾಗಿಲಲ್ಲಿ ನಿಂತ ಭದ್ರತಾ ಜವಾನ ನನ್ನ ಪಾಸ್‌ಪೋರ್ಟ್ ತಿರುವಿ ಒಳಗೆ ಬಿಟ್ಟ. ಜಲಜಕ್ಕನನ್ನು ತಡೆದ. ಅವರು ಕುವೈತಿನ ಸಿವಿಲ್ ಐಡಿ ಕೊಟ್ಟರು. ಅದರಲ್ಲಿ ಫೋಟೋ ಇದೆ, ಹೆಸರಿದೆ.

"ಬಾಹರ್ ಕಾ ಕಾರ್ಡ್ ನಹೀ ಚಲೇಗಾ. ಆಧಾರ್?"

ಆಧಾರ್ ಕಾರ್ಡು ಊರಿನಲ್ಲಿತ್ತು. ಅಳಿಯ ತಕ್ಷಣ ಅದರ ಫೋಟೋ ಕಳಿಸಿದ. ಫೋಟೋ ಸಾಲದು, ಆ್ಯಪ್‌ನಲ್ಲಿ ತೋರಿಸಿ ಎಂದ ಜವಾನ. ಆ್ಯಪ್ ತೆರೆಯಲು ಒಟಿಪಿ ಬೇಕು. ಒಟಿಪಿ ಹೋಗುವುದು ಅವರ ಹಳೆಯ ಸಿಮ್ಮಿಗೆ. ಅದು ಅವರು ಕುವೈತಿಗೆ ಹೋದ ವರ್ಷವೇ ಸತ್ತಿತ್ತು.

ನನಗೆ ತಲೆ ಕೆಟ್ಟುಹೋಯಿತು. "ಅವರ ಗುರುತಿನ ಪತ್ರವನ್ನು ಈಗಷ್ಟೇ ಇದೇ ಕಟ್ಟಡದಲ್ಲಿ ನಿಮ್ಮವರೇ ತೆಗೆದುಕೊಂಡರು! ಹೋಗಿ ಕೇಳಿ!" ಎಂದು ಕೂಗಿದೆ. "ಅದು ಬೇರೆ ವಿಭಾಗ, ಸರ್" ಎಂದ. ಬೈದಿದ್ದರೆ ನಾನೂ ಬೈಯಬಹುದಿತ್ತು; ಅವನೋ ಪ್ರತಿಸಲವೂ ಸರ್ ಅನ್ನುತ್ತಿದ್ದ. ಹಿಂದೆ ಹೋಗಿ ಪತ್ರದ ಒಂದು ನಕಲನ್ನಾದರೂ ತರೋಣವೆಂದರೆ, ಹೊರಬಂದವರಿಗೆ ಮತ್ತೆ ಆ ಕಡೆ ಪ್ರವೇಶವಿಲ್ಲ. ಟಿಕೆಟ್ ಕೌಂಟರಿನ ಹುಡುಗಿ ಮುಂದಿನ ವಿಮಾನಕ್ಕೂ ಇದೇ ನಿಯಮ ಎಂದು ಸಮಾಧಾನ ಹೇಳಿದಳು.

ಜಲಜಕ್ಕ ಅಳಲಿಲ್ಲ. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅಣ್ಣ, ಅಲ್ಲಿ ಅವ ಪಾಸ್‌ಪೋರ್ಟ್ ತೆಗ್ದಿಟ್ಟ, ಸರಿ, ಅವ ಹೊರಗಿನವ. ಇಲ್ಲಿ ಇವ್ರೂ ತೆಗ್ದಿಟ್ಟರಲ್ಲ? ನೀವು ವಿಮಾನದಲ್ಲಿ ಹೋಗಿ, ನಾನು ಹೇಗಾದ್ರೂ ಬರ್ತೇನೆ."

"ಎಂತ ಹೇಗಾದ್ರೂ? ನೀವು ಸುಮ್ನಿರಿ ಜಲಜಕ್ಕ" ಎಂದು ಗದರಿಸಿ ಬಸ್ಸು ನಿಲ್ದಾಣಕ್ಕೆ ಟ್ಯಾಕ್ಸಿ ಹಿಡಿದೆ. ನನ್ನ ಟಿಕೆಟ್ಟೂ ಹಾಳಾಯಿತು.

ಮಂಗಳೂರಿನ ಬಸ್ಸು ಮಧ್ಯಾಹ್ನ ಮೂರಕ್ಕಿತ್ತು. ಬುಕಿಂಗ್ ಗುಮಾಸ್ತ ಕೇಳಿದ್ದು ಎರಡೇ ಮಾತು: ಹೆಸರೇನು, ಎಲ್ಲಿ ಇಳಿಯುತ್ತೀರಿ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಕಾಪು ಎಂದ. ಆದರೆ ಸಾವಂತವಾಡಿಯ ಹತ್ತಿರ ಟಯರ್ ಒಡೆದು ಮೂರು ಗಂಟೆ ನಿಂತೆವು. ಬೆಳಿಗ್ಗೆ ಅಂಕೋಲಾದಲ್ಲಿ ಇಡ್ಲಿಗೆ ಇಳಿದಾಗ ಜಲಜಕ್ಕ ಚಹಾ ಮಾತ್ರ ಕುಡಿದರು. ಹೂ ಮುಡಿಸಿದ ಮೇಲೆಯೇ ಊಟವಂತೆ. ಚೀಲ ತೊಡೆಯಿಂದ ಕೆಳಗಿಳಿಯಲಿಲ್ಲ.

ಬಸ್ಸು ಕುಂದಾಪುರ ಸೇತುವೆ ದಾಟುವಾಗ ಹನ್ನೊಂದಾಗಿತ್ತು. ಮಗಳ ಫೋನ್ ಬಂತು. ಗದ್ದಲದಲ್ಲಿ ಕೇಳಿಸಲಿ ಎಂದು ಅವರು ಸ್ಪೀಕರ್ ಹಾಕಿದರು.

"ಅಮ್ಮ, ಮುಹೂರ್ತ ಮೀರ್ತದಂತೆ. ದೊಡ್ಡಮ್ಮ ಹೂ ಮುಡಿಸ್ಲಾ ಅಂತ ಕೇಳ್ತಿದ್ದಾರೆ. ನಾನು ಬೇಡ ಅಂದೆ."

ಜಲಜಕ್ಕ ಫೋನನ್ನು ಬಾಯಿಯ ಹತ್ತಿರ ತಂದರು. "ಮುಡಿಸ್ಲಿ ಮಗಾ. ಒಳ್ಳೆ ಹೊತ್ತು ತಪ್ಪಿಸ್ಬಾರ್ದು. ನಗ್ತಾ ಕೂತ್ಕೋ" ಎಂದರು. ಫೋನನ್ನು ಚೀಲದೊಳಗಿನ ಸೀರೆಯ ಮೇಲಿಟ್ಟು ಜಿಪ್ ಎಳೆದರು. ಆಮೇಲೆ ಅತ್ತರು. ನನಗೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ತಿಳಿಯದೆ ಎದುರಿನ ಸೀಟಿನ ಕಂಬಿ ಹಿಡಿದು ಕೂತೆ.

ಕಾಪು ಹೆದ್ದಾರಿಯಲ್ಲಿ ಇಳಿದಾಗ ಮಗಳು ಜಡೆತುಂಬ ಮಲ್ಲಿಗೆಯೊಂದಿಗೆ ಬಿಸಿಲಿನಲ್ಲೇ ನಿಂತಿದ್ದಳು. ತಾಯಿಯ ಕೂದಲು ಅರ್ಧ ನರೆತಿತ್ತು, ಮೈ ಅರ್ಧ ಇಳಿದಿತ್ತು. ಆದರೂ ಹುಡುಗಿ ಬಸ್ಸಿನ ಬಾಗಿಲಿಗೇ ಓಡಿಬಂದಳು. ಬೇರೆಯವರು ಮುಡಿಸಿದ್ದ ಆ ಹೂವನ್ನು ಜಲಜಕ್ಕ ಸುಮ್ಮನೆ ಮುಟ್ಟಿ ಮುಟ್ಟಿ ನೋಡಿದರು.

ರಜೆ ಮುಗಿಸಿ ಹೊರಟಾಗ ಮಂಗಳೂರು ನಿಲ್ದಾಣದ ಬಾಗಿಲಲ್ಲಿ ನನ್ನ ಪಾಸ್‌ಪೋರ್ಟ್ ಕೊಟ್ಟೆ. ಅದರ ಫೋಟೋ ಒಂಬತ್ತು ವರ್ಷ ಹಳೆಯದು: ತಲೆತುಂಬ ಕೂದಲು, ದಪ್ಪ ಮೀಸೆ. ಈಗ ಎರಡೂ ಇಲ್ಲ. ಜವಾನ ಫೋಟೋ ನೋಡಿದ, ಟಿಕೆಟ್ ನೋಡಿದ, "ಹೋಗಿ ಸರ್" ಎಂದ. ನನ್ನ ಮುಖವನ್ನು ನೋಡಲೇ ಇಲ್ಲ.