ಎಂಟು ಸಿಲಿಂಡರಿನ ಶುಕ್ರವಾರ

ನನ್ನ ಗಂಡನಿಗೆ ದೊಡ್ಡ ಗಾಡಿಯ ಹುಚ್ಚು ಹಿಡಿದದ್ದು ನಾವು ಮಸ್ಕತ್ತಿಗೆ ಬಂದು ಐದನೆಯ ವರ್ಷದಲ್ಲಿ. ಅಲ್ಲಿಯವರೆಗೆ ನಮ್ಮ ಹತ್ತಿರ ಇದ್ದದ್ದು ಎರಡೇ ಬಾಗಿಲಿನ ಒಂದು ಪುಟ್ಟ ಜೀಪು. ನಾಲ್ಕು ಸಿಲಿಂಡರು, ನಾಲ್ಕು ಚಕ್ರಕ್ಕೂ ಎಳೆತ. "ನಮ್ಮ ಹತ್ತಿರ" ಅಂದೆನಲ್ಲ, ಅದು ಅಷ್ಟು ಸರಿಯಲ್ಲ. ಕಾಗದಪತ್ರ ಇವರ ಹೆಸರಿನಲ್ಲಿತ್ತು, ಓಡಿಸುತ್ತಿದ್ದವಳು ನಾನು.

ಇವರಿಗೆ ಕೆಲಸ ಮುನ್ನೂರು ಕಿಲೋಮೀಟರು ಆಚೆಯ ಇಬ್ರಿಯಲ್ಲಿ. ಅಲ್ಲಿ ಆಗ ವಾರದ ರಜೆ ಗುರುವಾರ, ಶುಕ್ರವಾರ. ಶನಿವಾರ ನಸುಕಿಗೆ ಆಫೀಸಿನ ಗಾಡಿಯಲ್ಲಿ ಹೋದರೆ ಬುಧವಾರ ಸಂಜೆಗೇ ಬರುವುದು. ಉಳಿದ ದಿನವೆಲ್ಲ ಮಸ್ಕತ್ತಿನ ದಾರ್ಸೈಟಿನ ಫ್ಲ್ಯಾಟಿನಲ್ಲಿ ನಾನು, ನಮ್ಮ ಮಗಳು, ಕೆಳಗೆ ಆ ಜೀಪು. ಲೈಸೆನ್ಸಿಗಾಗಿ ನಾನು ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಡ್ರಮ್ಮುಗಳ ನಡುವೆ ಹಿಂದಕ್ಕೆ ಬಿಡುವ ಪರೀಕ್ಷೆಯಲ್ಲಿ ಎರಡು ಸಲ, ರಸ್ತೆಯಲ್ಲಿ ಮೂರು ಸಲ ಫೇಲು. ಆರನೆಯ ಸಲ ಪೊಲೀಸ್ ಅಧಿಕಾರಿ ಸುಮ್ಮನೆ ತಲೆ ಆಡಿಸಿದಾಗ ನನಗೆ ನಂಬಿಕೆಯೇ ಬರದೆ "ಪಾಸಾ ಫೇಲಾ ಸರ್?" ಎಂದು ಎರಡೆರಡು ಸಲ ಕೇಳಿ ಬೈಸಿಕೊಂಡಿದ್ದೆ. ಅವತ್ತಿನಿಂದ ಟ್ಯಾಕ್ಸಿಯವರ ಹತ್ತಿರ ಚೌಕಾಸಿ ಮಾಡುವುದು ತಪ್ಪಿತು. ತರಕಾರಿಗೆ ಮವಾಲೇಹ್ ಮಾರ್ಕೆಟ್ಟಿಗೆ ನಾನೇ ಹೋಗುತ್ತಿದ್ದೆ. ಮಗಳಿಗೆ ರಜೆ ಬಂದರೆ ನಿಜ್ವಾ ದಾಟಿ ಇಬ್ರಿಯವರೆಗೂ ಒಬ್ಬಳೇ ಓಡಿಸಿದ್ದುಂಟು. ಒಂದು ಸಲವಂತೂ ಬೆಟ್ಟದ ನೆತ್ತಿಯ ಮೇಲಿನ ಹಳ್ಳಿಗೆ, ಜಲ್ಲಿಕಲ್ಲಿನ ಕಡಿದಾದ ತಿರುವುಗಳಲ್ಲಿ, ಹತ್ತಿ ಇಳಿದು ಬಂದಿದ್ದೆ. ಮೈಸೂರಿನಲ್ಲಿ ಸೈಕಲ್ಲನ್ನೂ ಕಲಿಯದವಳು ನಾನು!

ಮವಾಲೇಹ್‌ನಲ್ಲಿ ನಮಗೆ ತರಕಾರಿ ಕೊಡುತ್ತಿದ್ದವರು ಉಳ್ಳಾಲದ ಕಡೆಯ ಬ್ಯಾರಿ ಸಾಹುಕಾರರು. ಅವರ ಹತ್ತಿರ ಎಂಟು ಸಿಲಿಂಡರಿನ ಒಂದು ಭಾರೀ ಗಾಡಿ ಇತ್ತು. ಅವರ ಹೆಂಡತಿಗೆ ಹೊಸದಾಗಿ ಲೈಸೆನ್ಸು ಸಿಕ್ಕಿ, "ಈ ಆನೆಯನ್ನು ನಾನು ಪಾರ್ಕ್ ಮಾಡುವುದಿಲ್ಲ, ಚಿಕ್ಕದು ತನ್ನಿ" ಎಂದು ಹಟ ಹಿಡಿದಿದ್ದರಂತೆ. ಸಾಹುಕಾರರು ನಮ್ಮ ಜೀಪನ್ನು ಸುತ್ತು ಹಾಕಿ ನೋಡಿ, "ಅದಲು ಬದಲು ಮಾಡುವನಾ ಸರ್? ಮೇಲಿನ ದುಡ್ಡು ನಿಧಾನಕ್ಕೆ ಕೊಡಿ" ಎಂದರು. ಇವರ ಮುಖ ಊರಗಲ ಆಯಿತು.

ನನ್ನನ್ನು ಯಾರೂ ಕೇಳಲಿಲ್ಲ. ಮಾರ್ಕೆಟ್ಟಿನ ಅಂಗಳದಲ್ಲಿ ಅದರ ಸೀಟಿನಲ್ಲಿ ಕೂತು ನೋಡಿದೆ. ಬಾನೆಟ್ಟಿನ ಆಚೆ ಏನಿದೆ ಅಂತ ಕಾಣಲೇ ಇಲ್ಲ. ತುದಿಗಾಲು ಚಾಚಿದರೆ ಬ್ರೇಕು ಸಿಗುತ್ತಿತ್ತು. "ಒಂದು ದಿಂಬು ಇಟ್ಕೊಂಡ್ರೆ ಆಯ್ತು ಕಣೇ. ಇಲ್ದಿದ್ರೆ ನಾನಿದ್ದೀನಲ್ಲ, ಓಡಿಸೋಕೆ" ಎಂದರು ಇವರು. ವಾರಕ್ಕೆ ಎರಡು ದಿನ ಇರುವ ಮನುಷ್ಯ! ನನಗೆ ಮೈಯೆಲ್ಲ ಉರಿದುಹೋಯಿತು. ಆ ಗಾಡಿ ಮನೆಗೆ ಬಂದರೆ ನಾನು ಮತ್ತೆ ರಸ್ತೆ ಬದಿಯಲ್ಲಿ ಕೈ ಅಡ್ಡ ಹಿಡಿದು ಟ್ಯಾಕ್ಸಿಗೆ ಕಾಯುವವಳಾಗುತ್ತೇನೆ ಎಂಬುದು ನನಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಓಡಿಸಲಾರೆ ಎಂದು ಬಾಯಿಬಿಟ್ಟು ಹೇಳಿದರೆ ಮರ್ಯಾದೆಯ ಪ್ರಶ್ನೆ. "ನಿಮ್ಮಿಷ್ಟ" ಎಂದು ಮುಖ ಊದಿಸಿಕೊಂಡೆ. ಇವರು ಅದನ್ನು ಒಪ್ಪಿಗೆ ಎಂದೇ ತಿಳಿದರು, ಪುಣ್ಯಾತ್ಮ.

"ಒಂದು ಶುಕ್ರವಾರ ಮರಳುಗಾಡಿಗೆ ಹಾಕಿ ನೋಡಿ ಸರ್, ಆಮೇಲೆ ಮಾತು" ಎಂದರು ಸಾಹುಕಾರರು. ಮರಳಿಗೆ ಒಂದೇ ಗಾಡಿಯಲ್ಲಿ ಹೋಗಬಾರದು ಎಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ದೊಡ್ಡದರಲ್ಲಿ ಇವರು ಮತ್ತು ಸಾಹುಕಾರರು, ಹಿಂದೆ ಜೀಪಿನಲ್ಲಿ ನಾನು ಮತ್ತು ಮಗಳು ಎಂದಾಯಿತು.

ಬೆಳಿಗ್ಗೆ ಎದ್ದು ಬಿಸಿಬೇಳೆಬಾತು, ಮೊಸರನ್ನ, ಕೋಸಂಬರಿ ಮಾಡಿದೆ. ನಾಲ್ಕು ಜನಕ್ಕೆ ಅಂತ ಅಡುಗೆ ಮಾಡಲು ನನಗೆ ಬರುವುದೇ ಇಲ್ಲ, ಹತ್ತು ಜನಕ್ಕಾಗುವಷ್ಟಾಯಿತು. ಜಾಗ ಇದೆಯಲ್ಲ ಅಂತ ಇವರಿಗೆ ಹಿಗ್ಗು. ಪಾತ್ರೆಗಳು, ಜಮಖಾನ, ಮಡಚುವ ಕುರ್ಚಿಗಳು, ನೀರಿನ ಎರಡು ಕ್ಯಾನು, ಬಿಸಿ ಕಾಫಿಯೇ ಆಗಬೇಕೆಂದು ಗ್ಯಾಸ್ ಒಲೆ, ಎಲ್ಲವನ್ನೂ ದೊಡ್ಡ ಗಾಡಿಗೆ ತುಂಬಿದರು. ಸಾಹುಕಾರರು ತಮ್ಮ ಲೆಕ್ಕಕ್ಕೆ ಮೂರು ಕಲ್ಲಂಗಡಿ ಹಾಕಿದರು. ನನ್ನ ಜೀಪಿನಲ್ಲಿ ಸದಾ ಇರುತ್ತಿದ್ದ ಸಲಿಕೆಯನ್ನೂ ಹಗ್ಗವನ್ನೂ ನೋಡಿ ಇವರು, "ಅದನ್ನೆಲ್ಲ ಇಲ್ಲೇ ಬಿಡು, ಇದು ಎಂಟು ಸಿಲಿಂಡರು" ಎಂದು ನಕ್ಕರು. ನಾನು ಬಿಡಲಿಲ್ಲ.

ದಾರಿಯಲ್ಲಿ ಇವರು ಪೆಟ್ರೋಲ್ ಬಂಕಿಗೆ ನುಗ್ಗಿದರು. ಮೈಸೂರಿನ ನಮ್ಮಂಥವರ ರಕ್ತದಲ್ಲೇ ಬಂದ ಅಭ್ಯಾಸ ಅದು. ದೂರ ಹೊರಟರೆ ಮೊದಲು ಟೈರಿಗೆ ಗಾಳಿ, ಆಮೇಲೆ ದೇವರಿಗೆ ಕೈಮುಗಿಯುವುದು. ನಾಲ್ಕೂ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿ, ಕಾಲಿನಿಂದ ಒದ್ದು ನೋಡಿ, ತೃಪ್ತಿಯಿಂದ ಹೊರಟರು.

ಮರಳಿನಲ್ಲಿ ನಡೆಯುವುದು ಇದರ ತದ್ವಿರುದ್ಧ. ಗಾಳಿ ಅರ್ಧಕ್ಕೆ ಇಳಿಸಿದರೆ ಟೈರು ಅಗಲವಾಗಿ ಮರಳಿನ ಮೇಲೇ ನಿಲ್ಲುತ್ತದೆ. ಇಲ್ಲದಿದ್ದರೆ ಕೊರೆದುಕೊಂಡು ಒಳಗೆ ಹೋಗುತ್ತದೆ. ಟಾರು ಮುಗಿದ ಕಡೆ ನಾನು ಇಳಿದು ಒಂದೊಂದೇ ಟೈರಿನ ಗಾಳಿ ಬಿಡುತ್ತಿದ್ದೆ. ಇವರು ಕಿಟಕಿಯಿಂದ ತಲೆ ಹಾಕಿ, "ಎಷ್ಟು ಹೊತ್ತೇ? ಶಕ್ತಿ ಇರೋ ಗಾಡಿಗೆ ಅದೆಲ್ಲ ಬೇಕಿಲ್ಲ!" ಎಂದು ಹಾರನ್ ಹೊಡೆದು ಹೊರಟೇಬಿಟ್ಟರು. ಸಾಹುಕಾರರು ಪಾಪ, ಆ ಗಾಡಿಯನ್ನು ಮನೆಯಿಂದ ಮಾರ್ಕೆಟ್ಟಿಗೆ ಬಿಟ್ಟು ಬೇರೆಲ್ಲೂ ಓಡಿಸಿದವರಲ್ಲ. ಅವರಿಗೇನು ಗೊತ್ತು?

ಮೊದಲ ದಿಬ್ಬದ ಅರ್ಧಕ್ಕೆ ಅದು ನಿಂತಿತು. ಇವರು ಆಕ್ಸಿಲರೇಟರು ಒತ್ತಿದರು. ಚಕ್ರ ಗಿರಗಿರ ತಿರುಗಿ ಮರಳು ಹಾರಿತು. ಇನ್ನೂ ಒತ್ತಿದರು. ಎಂಟು ಸಿಲಿಂಡರಿನ ಶಕ್ತಿಯೆಲ್ಲ ಗುಂಡಿ ತೋಡುವುದಕ್ಕೇ ಹೋಯಿತು.

"ಒತ್ತಬೇಡಿ ಮಾರಾಯ್ರೆ, ಒತ್ತಬೇಡಿ! ಪಾತಾಳಕ್ಕೆ ಹೋಗ್ತಾ ಉಂಟು!" ಎಂದು ಸಾಹುಕಾರರು ಬಾಗಿಲು ತೆರೆಯಲು ನೋಡಿದರೆ ಬಾಗಿಲಿಗೇ ಮರಳು ತಡೆಯುತ್ತಿತ್ತು.

"ಅಮ್ಮಾ, ದೇ ಆರ್ ಸೋ ಸ್ಟಕ್" ಎಂದಳು ಮಗಳು, ಖುಷಿಯಿಂದ.

ನಗಬಾರದು ಎಂದುಕೊಂಡೇ ನಕ್ಕೆ. ಆಮೇಲೆ ಹತ್ತಿರ ಹೋಗಿ ನೋಡಿದರೆ ಗಾಡಿ ಹೊಟ್ಟೆ ಊರಿ ಕೂತಿದೆ, ಬಿಸಿಲು ನೆತ್ತಿಗೇರುತ್ತಿದೆ, ಸುತ್ತ ನರಪಿಳ್ಳೆ ಇಲ್ಲ. ನಗು ಹಾರಿಹೋಯಿತು. ಮೊದಲು ಭಾರ ಇಳಿಸಬೇಕಿತ್ತು. ಪಾತ್ರೆ, ಕುರ್ಚಿ, ಕ್ಯಾನು, ಒಲೆ, ಕಲ್ಲಂಗಡಿ ಎಲ್ಲ ಮರಳ ಮೇಲೆ ಸಾಲಾಗಿ ಕೂತವು. ಟೈರಿನ ಗಾಳಿ ನಾನೇ ಬಿಟ್ಟೆ. ಸಾಹುಕಾರರು ಸಲಿಕೆ ಹಿಡಿದರು, ಇವರು ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳದಲ್ಲಿ ಬಗೆದರು. ಗಂಟೆಗಟ್ಟಲೆ ಬಗೆದು ಚಕ್ರಗಳು ಕಂಡ ಮೇಲೆ ಜೀಪನ್ನು ಹಿಂದೆ ತಂದು ನಿಲ್ಲಿಸಿ ಹಗ್ಗ ಕಟ್ಟಿದೆವು. ಇಳಿಜಾರಿನ ಕಡೆಗೆ ಎಳೆದರೆ ಬಂದೀತು ಎಂದು ಲೆಕ್ಕ.

ಆಗ ಇವರು ಬೆವರು ಒರೆಸುತ್ತ ನನ್ನ ಬಾಗಿಲಿಗೆ ಬಂದು, "ಇಳಿ, ನಾನು ಎಳೀತೀನಿ. ಸಾಹುಕಾರ್ರು ಅದರಲ್ಲಿ ಕೂತ್ಕೊಳ್ಲಿ" ಎಂದರು.

"ಇಳಿಯಲ್ಲ."

"ಹಟ ಮಾಡಬೇಡ್ವೇ, ಇದು ಆಟ ಅಲ್ಲ."

ನನ್ನ ತಾಳ್ಮೆ ಅಷ್ಟೇ ಇದ್ದದ್ದು. "ಈ ಸೀಟಿಂದ ನನ್ನನ್ನ ಇಳಿಸೋಕೇ ತಾನೇ ರೀ ನೀವು ಇಷ್ಟೆಲ್ಲ ಮಾಡಿರೋದು? ಆ ಗಾಡಿ ನನ್ನ ಕಾಲಿಗೆ ಎಟಕಲ್ಲ ಅಂತ ನಿಮಗೆ ಗೊತ್ತು. ಅದು ಬಂದ್ರೆ ನಾನು ಮನೇಲಿ ಕೂತ್ಕೋಬೇಕು. ಐದು ಸಲ ಫೇಲಾಗಿ ತಗೊಂಡ ಲೈಸೆನ್ಸು ರೀ ನಂದು!" ಎಂದು ಕಿರುಚಿದೆ. ಮರಳುಗಾಡಿನಲ್ಲಿ ಕಿರುಚಿದರೆ ಕೇಳುವವರು ಸಾಹುಕಾರರು ಮಾತ್ರ. ಅವರು ಪಾಪ, ಕಲ್ಲಂಗಡಿಯ ಕಡೆ ತಿರುಗಿ ನಿಂತರು.

ಇವರು ಕಕ್ಕಾಬಿಕ್ಕಿಯಾದರು. "ಯಾರೇ ಹೇಳಿದ್ದು ಹಾಗಂತ? ನೀನು ಈ ಡಬ್ಬದಲ್ಲಿ ಇಬ್ರಿಗೆ ಬರೋವಾಗ ಎದುರಿಗೆ ಆ ದೊಡ್ಡ ದೊಡ್ಡ ಲಾರಿಗಳು ಬರ್ತವಲ್ಲ, ನೀನು ಬಂದು ಮುಟ್ಟೋವರೆಗೂ ನಾನು ಆಫೀಸಿನ ಗೇಟಲ್ಲೇ ನಿಂತಿರ್ತೀನಿ. ಒಂದು ಗಟ್ಟಿ ಗಾಡಿ ಇದ್ರೆ ನಿನಗೇನೂ ಆಗಲ್ಲ ಅಂತ..." ಎಂದರು.

ಇದನ್ನು ನಾನು ಎಣಿಸಿಯೇ ಇರಲಿಲ್ಲ. ಕೋಪ ಎಲ್ಲಿಗೆ ಹೋಯಿತೋ. "ಮೊದಲೇ ಹೇಳೋಕೆ ಏನಾಗಿತ್ತು ದೊಡ್ಡ ರೋಗ?" ಎಂದೆ. "ನೀನೂ ಹೇಳಬಹುದಿತ್ತಲ್ಲ" ಎಂದರು. ಆಮೇಲೆ ತಾವೇ ಹೋಗಿ ದೊಡ್ಡ ಗಾಡಿಯಲ್ಲಿ ಕೂತರು.

ಮೊದಲ ಸಲ ಹಗ್ಗ ಬಿಗಿದು ನನ್ನ ಚಕ್ರವೂ ಜಾರಿತು. ಎರಡನೆಯ ಸಲ ಆತುರ ಮಾಡದೆ ಮೆಲ್ಲಗೆ ಎಳೆದೆ. ಅವರು ರಿವರ್ಸ್ ಹಾಕಿ ಅಷ್ಟೇ ಮೆಲ್ಲಗೆ ಕಾಲಿಟ್ಟರು. ಗಾಡಿ ನರಳಿತು, ಅಲುಗಿತು, ಗುಂಡಿಯಿಂದ ಎದ್ದು ಇಳಿಜಾರಿಗೆ ಬಂತು. "ಯಲ್ಲಾ ಅಕ್ಕಾ! ಶಾಬಾಸ್!" ಎಂದು ಸಾಹುಕಾರರು ಸಲಿಕೆ ಎತ್ತಿ ಕುಣಿದರು. ಅಲ್ಲೇ ಜಮಖಾನ ಹಾಸಿ ಊಟಕ್ಕೆ ಕೂತೆವು. ಹತ್ತು ಜನದ ಬಿಸಿಬೇಳೆಬಾತು ನಾಲ್ಕು ಜನಕ್ಕೆ ಸಾಲದೆ ಬಂತು.

ವಾಪಸು ಬರುವಾಗ ದೊಡ್ಡ ಗಾಡಿಯನ್ನು ಸಾಹುಕಾರರೇ ಓಡಿಸಿದರು. ಮಗಳು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿದಳು, ಇವರು ನನ್ನ ಪಕ್ಕದಲ್ಲಿ ಕೂತರು. ಬಂಕಿನಲ್ಲಿ ನನ್ನ ಟೈರುಗಳಿಗೆ ತಾವೇ ಗಾಳಿ ತುಂಬಿ ಬಂದು, "ಈಗ ನೀನೇ ಹೇಳು. ಬದಲಾಯಿಸೋದಾ, ಬೇಡವಾ?" ಎಂದರು.

"ಈಗ ಕೇಳ್ತಿದ್ದೀರಾ?"

"ಈಗಲಾದ್ರೂ ಕೇಳ್ತಿದ್ದೀನಲ್ಲ ಮಾರಾಯ್ತಿ."

"ಬೇಡ" ಎಂದೆ.

"ಸರಿ, ಖಲಾಸ್. ಆದ್ರೆ ಇಬ್ರಿಗೆ ಬರೋವಾಗ ನಿಜ್ವಾದಲ್ಲಿ ನಿಲ್ಲಿಸಿ ಒಂದು ಫೋನ್ ಮಾಡು. ಅದರಾಚೆ ಬಾಹ್ಲಾದಲ್ಲಿ ಇನ್ನೊಂದು." ಅಲ್ಲೇ ನಿಂತಿದ್ದ ಸಾಹುಕಾರರಿಗೂ ವಿಷಯ ಹೇಳಿದರು. ಅವರು, "ಬೇಸರ ಎಂತದು ಸರ್! ಅಕ್ಕನ ಕೈಯಿಂದ ಆ ಗಾಡಿ ತೆಗೊಂಡ್ರೆ ನನಗೆ ಪಾಪ ಸುತ್ತಿಕೊಳ್ತದೆ. ಮನೆಯವಳಿಗೆ ಬೇರೆ ಹುಡುಕ್ತೇನೆ" ಎಂದು ಕೈ ಬೀಸಿ ಹೋದರು.

ನಾನು ಗಾಡಿ ಹೆದ್ದಾರಿಗೆ ತಂದೆ. ಎರಡು ವಾರದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿದುಹೋಗಿ ಮೈ ಹಗುರಾಗಿತ್ತು. ಇದ್ದಕ್ಕಿದ್ದಂತೆ ಕಣ್ಣಲ್ಲಿ ನೀರು ಸುರಿಯತೊಡಗಿತು.

"ಅಯ್ಯೋ, ಈಗ್ಯಾಕೇ ಅಳ್ತೀಯ? ಬೇಡ ಅಂತ ಹೇಳಿಯಾಯ್ತಲ್ಲ!" ಎಂದು ಇವರು ಗಾಬರಿಯಾದರು.

"ಅದಕ್ಕೇ ರೀ ಅಳ್ತಿರೋದು. ಸುಮ್ನೆ ಕೂತ್ಕೊಳ್ಳಿ" ಎಂದು ಗೇರು ಬದಲಾಯಿಸಿದೆ.