ಬಾಯ್ಲರ್ ರಿಪೇರಿಯ ವಿಚ್

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಇಂಟರ್ನ್ ಆಗಿ ಸೇರಿದ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಸೀರೆಯ ಮೇಲೆ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದವಳು ನಾನೊಬ್ಬಳೇ. ಹೆಂಗಸು ಕೋಟು ಹಾಕಿದ್ದರೆ ನರ್ಸೇ ಇರಬೇಕೆಂದು ರೋಗಿಗಳು ತೀರ್ಮಾನಿಸಿಬಿಟ್ಟಿದ್ದರು. "ನರ್ಸ್!" ಎಂದು ಯಾರೇ ಕೂಗಲಿ, ತಿರುಗುತ್ತಿದ್ದೆ. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು ಬಂದವಳು ನಾನು ಎಂದು ಒಬ್ಬೊಬ್ಬರ ಮುಂದೂ ಪುರಾಣ ಬಿಚ್ಚಿದರೆ ರೌಂಡ್ಸ್ ಮುಗಿಯುವುದು ಯಾವಾಗ?

ಕಿಟಕಿಯ ಪಕ್ಕದ ಮಂಚದ ಒಬ್ಬ ರೋಗಿ ಮಾತ್ರ ಮೊದಲ ದಿನದಿಂದಲೂ ನನ್ನನ್ನು ಡಾಕ್ಟರ್ ಎಂದೇ ಕರೆದ. ಐವತ್ತರ ಆಸುಪಾಸು, ದಪ್ಪ ಮೀಸೆ, ಉಗುರಿನ ಸಂದಿಗಳಲ್ಲಿ ಎಷ್ಟು ತಿಕ್ಕಿದರೂ ಹೋಗದ ಎಣ್ಣೆಗಪ್ಪು. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಬಾಯ್ಲರ್‌ಗಳ ರಿಪೇರಿ ಆತನ ಕಸುಬು. ಪಿತ್ತಕೋಶದಲ್ಲಿ ಕಲ್ಲುಗಳಾಗಿ ಆಪರೇಷನ್ನಿಗೆ ಬಂದಿದ್ದ. ಕೊರಳಲ್ಲಿ ದಾರಕ್ಕೆ ಕಟ್ಟಿದ ಐದು ಮೂಲೆಯ ಬೆಳ್ಳಿ ನಕ್ಷತ್ರವಿತ್ತು. ಆಪರೇಷನ್ನಿಗೆ ಮುಂಚೆ ಬಿಚ್ಚಬೇಕು ಎಂದರೆ, ಅದು ನನ್ನ ಧರ್ಮದ್ದು, ಬಿಚ್ಚುವುದಿಲ್ಲ ಎಂದ. ಯಾವ ಧರ್ಮ ಎಂದು ಕೇಳಿದ್ದಕ್ಕೆ, "ನಾನು ವಿಚ್" ಎಂದ.

ನಮ್ಮ ಹಿರಿಯ ಸರ್ಜನ್ ಕನ್ನಡಕ ತೆಗೆದು ಆತನನ್ನು ನೋಡಿದರು. ವಿಚ್ ಎಂದರೆ ಮಾಟಗಾತಿ, ಹೆಂಗಸು. ಗಂಡಸೊಬ್ಬ ತನ್ನನ್ನು ವಿಚ್ ಎಂದುಕೊಂಡರೆ ತಲೆ ನೆಟ್ಟಗಿಲ್ಲ, ತಲೆ ನೆಟ್ಟಗಿಲ್ಲದವನ ಒಪ್ಪಿಗೆ ನಂಬಿ ನಾನು ಹೊಟ್ಟೆ ಕೊಯ್ಯಲಾರೆ ಎಂದರು. ಮಾರನೆಯ ದಿನದ ರೌಂಡ್ಸ್‌ನಲ್ಲೂ ಹೀಗೇ ಹೇಳಿದರೆ ಮಾನಸಿಕ ರೋಗಿಗಳ ವಾರ್ಡಿಗೆ ಸಾಗಿಸುವುದೆಂದು ಅಪ್ಪಣೆಯಾಯಿತು. ಆತನ ಮುಖ ಬಿಳಿಚಿಕೊಂಡಿತು. ಆ ವಾರ್ಡಿಗೆ ಹೋಗಿಬಂದವನನ್ನು ಯಾರು ತಾನೇ ತಮ್ಮ ಮನೆಯ ನೆಲಮಾಳಿಗೆಗೆ ಬಿಟ್ಟುಕೊಂಡು ಬಾಯ್ಲರ್ ಮುಟ್ಟಲು ಬಿಡುತ್ತಾರೆ?

ನನಗೋ ಕುತೂಹಲ ತಡೆಯಲಾಗಲಿಲ್ಲ. ವಿಚ್ ಎಂದರೆ ಕಾನ್ವೆಂಟಿನ ಕಥೆಪುಸ್ತಕದ ಸೊಟ್ಟ ಮೂಗಿನ ಮುದುಕಿ ಎಂದಷ್ಟೇ ಗೊತ್ತಿದ್ದವಳು ನಾನು. ಮಧ್ಯಾಹ್ನ ಕೆಲಸದ ನಡುವೆ ಹೋಗಿ ಸ್ಟೂಲು ಎಳೆದುಕೊಂಡು ಕುಳಿತೆ. ಆತನ ಪಂಥದವರು ಲಾಂಗ್ ಐಲ್ಯಾಂಡಿನ ಒಂದು ಮನೆಯಲ್ಲಿ ಹುಣ್ಣಿಮೆಗೊಮ್ಮೆ ಸೇರುತ್ತಾರಂತೆ. ದೇವಿಯ ಪೂಜೆಯಂತೆ, ಜೊತೆಗೆ ಕೊಂಬಿರುವ ಒಬ್ಬ ದೇವರು. ಅಲ್ಲಿ ಗಂಡಸಾಗಲಿ ಹೆಂಗಸಾಗಲಿ ದೀಕ್ಷೆ ತೆಗೆದುಕೊಂಡವರೆಲ್ಲ ವಿಚ್‌ಗಳೇ.

ದೇವಿ ಎಂದ ಕೂಡಲೇ ನನಗೆಲ್ಲ ಅರ್ಥವಾಗಿಹೋಯಿತು ಎಂದುಕೊಂಡೆ. ಧಾರವಾಡದ ನಮ್ಮ ಮನೆಗೆ ಮಂಗಳವಾರ, ಶುಕ್ರವಾರ ಜೋಗಪ್ಪ ಬರುತ್ತಿದ್ದ. ಎಲ್ಲಮ್ಮನಿಗೆ ಮುಡಿಪಾದ ಗಂಡಸು. ಸೀರೆ ಉಟ್ಟು, ಹಣೆ ತುಂಬ ಭಂಡಾರ ಬಳಿದುಕೊಂಡು, ದೇವಿಯ ಮೂರ್ತಿಯಿರುವ ಬುಟ್ಟಿ, ಜಗ, ಹೊತ್ತು ಬಾಗಿಲಲ್ಲಿ ನಿಂತರೆ, ಮಡಿಮೈಲಿಗೆಯಲ್ಲಿ ಯಾರಿಗೂ ರಿಯಾಯಿತಿ ತೋರದ ನಮ್ಮಜ್ಜಿ ಮೊರದ ತುಂಬ ಜೋಳ ಹಾಕಿ ಕಾಲಿಗೆ ಬೀಳುತ್ತಿದ್ದಳು. ಅದೇ ಧೈರ್ಯದಲ್ಲಿ ಆತನನ್ನು ಕೇಳಿಬಿಟ್ಟೆ, "ಪೂಜೆಗೆ ಯಾವ ಬಣ್ಣದ ಸೀರೆ ಉಡುತ್ತೀರಿ?"

ಆತ ಹೊಟ್ಟೆ ಹಿಡಿದುಕೊಂಡು ನಕ್ಕ, ನೋವಿಗೆ ಮುಖ ಕಿವುಚಿದ, ಮತ್ತೆ ನಕ್ಕ. "ಏನೂ ಉಡುವುದಿಲ್ಲ ಡಾಕ್ಟರ್. ಬರಿಮೈ."

ನನ್ನ ಕಿವಿಯೆಲ್ಲ ಬಿಸಿಯಾಯಿತು. ನಮ್ಮ ಗೊಮ್ಮಟನಿಗೂ ಬಟ್ಟೆಯಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಗೊಮ್ಮಟ ನಿಂತಿರುವುದು ಬಿಸಿಲಲ್ಲಿ. "ಈ ಸ್ನೋದಲ್ಲೂ?" ಎಂದೆ.

"ಅದಕ್ಕೇ ಆ ಮನೆಯ ಬಾಯ್ಲರನ್ನು ನಾನೇ ನೋಡಿಕೊಳ್ಳುವುದು."

ಇಂಥ ಉತ್ತರ ಕೊಡುವವನು ಹುಚ್ಚನಲ್ಲ ಎಂದು ನನಗಾಗಲೇ ಖಾತ್ರಿಯಾಗಿತ್ತು. ಹೇಗಾದರೂ ಮಾಡಿ ಉಳಿಸಬೇಕೆನ್ನಿಸಿತು. ಮಂತ್ರ ತಂತ್ರದ ಗಂಡಸಿಗೆ ಇಂಗ್ಲಿಷಿನಲ್ಲಿ ವಾರ್ಲಾಕ್ ಎನ್ನುತ್ತಾರಲ್ಲ, ನಾಳೆ ಆ ಮಾತೊಂದನ್ನು ಹೇಳಿಬಿಡಿ, ದೊಡ್ಡ ಡಾಕ್ಟರು ತೃಪ್ತರಾಗುತ್ತಾರೆ, ನಿಮ್ಮ ಆಪರೇಷನ್ ಆಗುತ್ತದೆ ಎಂದೆ.

ಆತನ ನಗು ನಿಂತಿತು. "ಅದರ ಹಳೆಯ ಅರ್ಥ ಆಣೆ ಮುರಿದವನು, ದ್ರೋಹಿ ಅಂತ. ದೇವಿಯೆದುರು ಆಣೆ ಮಾಡಿದವನು ನಾನು. ಮನೆಗೆ ಹೋಗಲಿಕ್ಕೋಸ್ಕರ ನನ್ನನ್ನು ನಾನೇ ದ್ರೋಹಿ ಎಂದುಕೊಳ್ಳಲೇ?"

"ನನ್ನನ್ನು ಎಲ್ಲರೂ ನರ್ಸ್ ಎನ್ನುತ್ತಾರೆ. ನಾನು ತಿರುಗುವುದಿಲ್ಲವೇ? ಕೆಲಸ ಬೇಗ ಮುಗಿಯುತ್ತದೆ."

"ಅದು ಬೈಗುಳವಲ್ಲ, ಬೇರೆಯವರ ಹೆಸರು," ಎಂದ ಆತ. "ಆದರೂ ನಿಮ್ಮದಲ್ಲ," ಎಂದು ಸೇರಿಸಿದ. ನನಗೆ ಸಿಟ್ಟು ಬಂತು. ಇವನ ಉಸಾಬರಿಗೆ ನಾನು ಬಂದರೆ ಇವನು ನನ್ನ ಉಸಾಬರಿಗೆ ಬರುತ್ತಾನಲ್ಲ ಎಂದುಕೊಂಡು ಎದ್ದುಬಂದೆ.

ಮರುದಿನ ಬೆಳಿಗ್ಗೆ ಕಾರಿನ ಮುಂದಿನ ಹಿಮ ಎತ್ತಿಹಾಕುತ್ತಿದ್ದ ನನ್ನ ಗಂಡನಿಗೆ ಎಲ್ಲ ಹೇಳಿದೆ.

"ನಿನಗ್ಯಾಕ ಬೇಕ ಅದು? ಇನ್ನೂ ನಿನ್ನ ಇಂಟರ್ನ್‌ಶಿಪ್ ಮುಗಿದಿಲ್ಲ," ಎಂದರು. "ಒಂದ್ಸಲ ವಾರ್ಲಾಕ್ ಅಂದ್ಬಿಟ್ರ ಅವಂದೇನ ಗಂಟ ಹೋಗತದ?"

"ನಿಮ್ಮನ್ನ ಯಾರರೆ ಮಾತಿಗೆ ತಪ್ಪಿದವ ಅಂದ್ರ ಸುಮ್ಮನಿರ್ತೀರೇನು?"

ಸಲಿಕೆ ಹಿಡಿದ ಕೈ ನಿಂತಿತು. "ಯಾರಂದ್ರು?" ಎಂದರು ಗಂಭೀರವಾಗಿ.

ರೌಂಡ್ಸ್‌ನಲ್ಲಿ ಸರ್ಜನ್ ಮಂಚದ ಬುಡದಲ್ಲಿ ನಿಂತರು. ಅವರೂ ಕೆಟ್ಟವರೇನಲ್ಲ, ತಾವೇ ದಾರಿ ತೋರಿಸಿದರು. "ವಾರ್ಲಾಕ್ ಎನ್ನಬೇಕೆಂದಿದ್ದೆ ಅಲ್ಲವೇ ನೀನು?"

ಆತನ ಕೈ ನಕ್ಷತ್ರದ ಮೇಲಿತ್ತು. "ಅಲ್ಲ. ವಿಚ್."

ಆ ವಾರ್ಡಿಗೆ ಸಾಗಿಸಲು ಹೇಳಲೆಂದು ಸರ್ಜನ್ ನರ್ಸಿನ ಕಡೆ ತಿರುಗಿದರು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಸರ್, ನಮ್ಮೂರಲ್ಲಿ ದೇವಿಗಾಗಿ ಸೀರೆ ಉಡುವ ಗಂಡಸರಿದ್ದಾರೆ. ನಮ್ಮಜ್ಜಿ ಅವರ ಕಾಲಿಗೆ ಬೀಳುತ್ತಿದ್ದಳು. ನಮ್ಮಜ್ಜಿಗೆ ಹುಚ್ಚಿರಲಿಲ್ಲ." ನನ್ನನ್ನೂ ದಾಖಲು ಮಾಡಬೇಕೇನೋ ಎನ್ನುವಂತೆ ಅವರು ಪಕ್ಕದ ಖಾಲಿ ಮಂಚವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಇವರು ಒಂದು ಮಾತು ಬರೆದರೆ ನನ್ನ ವರ್ಷವೇ ನೀರುಪಾಲು. ಆದರೂ ಮುಂದುವರಿದೆ. "ಹೆಸರು ಬಿಡಿ ಸರ್. ತನಗೆ ಏನಾಗಿದೆ, ನೀವು ಏನು ಮಾಡುತ್ತೀರಿ ಎಂದು ಗೊತ್ತಿದೆಯೋ ಇಲ್ಲವೋ, ಅದನ್ನು ಕೇಳಿ."

ಕೇಳಿದರು. ಪಿತ್ತದ ಟ್ಯಾಂಕಿನಲ್ಲಿ ಕಲ್ಲು ಕಟ್ಟಿದೆ, ಟ್ಯಾಂಕನ್ನೇ ತೆಗೆಯುತ್ತೀರಿ, ಟ್ಯಾಂಕಿಲ್ಲದೆಯೂ ಲೈನು ನಡೆಯುತ್ತದೆ, ಸ್ವಲ್ಪ ದಿನ ಜಿಡ್ಡು ತಿನ್ನಬಾರದು, ಪ್ರಾಣಕ್ಕೆ ಅಪಾಯವೂ ಆಗಬಹುದು ಎಂದು ಆತ ಹೇಳುತ್ತ ಹೋದಂತೆ ಸರ್ಜನ್‌ರ ತುಟಿಯ ಕೊನೆ ಅಲುಗಿತು. "ನಾಳೆ, ಮೊದಲ ಕೇಸು," ಎಂದು ಮುಂದೆ ನಡೆದರು.

ನಕ್ಷತ್ರವನ್ನು ಆತನ ಅಂಗೈಗೆ ಟೇಪು ಹಾಕಿ ಅಂಟಿಸಿದೆ. ಮದುವೆಯ ಉಂಗುರ ಬಿಚ್ಚಲೊಲ್ಲದವರಿಗೂ ಬೆರಳಿಗೆ ಟೇಪು ಸುತ್ತುತ್ತಿದ್ದೆವು, ಇದೇನು ಹೊಸದಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಹೊರಟಾಗ ಆತ ಹೇಳಿದ್ದು "ಬರುತ್ತೇನೆ, ಡಾಕ್ಟರ್" ಎಂದಷ್ಟೇ.

ಆ ಮಂಚಕ್ಕೆ ಅಂದೇ ಒಬ್ಬ ಮುದುಕ ಬಂದ. ಬಂದವನೇ "ನರ್ಸ್! ನರ್ಸ್!" ಎಂದು ಕೂಗಿದ. ತಿರುಗಬಾರದೆಂದು ಬೆನ್ನು ಗಟ್ಟಿ ಮಾಡಿ ನಿಂತೆ. ಆದರೆ ಪಾಪ, ಅವನಿಗೆ ಬೆಡ್‌ಪ್ಯಾನ್ ಬೇಕಾಗಿತ್ತು, ಅದೂ ಅವಸರವಾಗಿ. ತಂದು ಕೊಟ್ಟೆ. ಪರದೆ ಎಳೆದು, ಹೊರಗೆ ನಿಂತು, ಅವನು ಮುಗಿಸುವವರೆಗೂ ಕಾದೆ.

ಆಮೇಲೆ ಪರದೆ ಸರಿಸಿ ಹೇಳಿದೆ, "ನಾನು ನಿಮ್ಮ ಡಾಕ್ಟರ್."