ಭಟ್ಟಿಯಣ್ಣನ ಹಸಿರು ಟೊಮೆಟೊ

ಬೆಟ್ಟದ ಮೇಲಿನ ಆ ಚಳಿ ಊರಿನಲ್ಲಿ ಬೀದಿಯವರೆಲ್ಲ ಅವನನ್ನು ಭಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಬ್ರೆಡ್ಡಿನ ಭಟ್ಟಿಯ ಮುಂದೆ ಅರ್ಧ ಆಯುಷ್ಯ ಕಳೆದವನು. ಮುಂಗೈ ಮೇಲೆ ಒಂದು ಕೂದಲೂ ಉಳಿದಿರಲಿಲ್ಲ. ಅವನ ಪ್ರಕಾರ ಲೋಕದ ಎಲ್ಲ ಕಾಯಿಲೆಗೂ ಒಂದೇ ಮದ್ದು, ಬಿಸಿ. ಹಿಟ್ಟು ಉಬ್ಬಲಿಲ್ಲವೇ, ಬಿಸಿ ಕೊಡು. ಸೊಂಟ ಹಿಡಿಯಿತೇ, ಭಟ್ಟಿಗೆ ಬೆನ್ನು ಕೊಟ್ಟು ನಿಲ್ಲು. ಆದರೆ ಬೇಕರಿಯ ಹೆಸರು ನಿಂತಿದ್ದದ್ದು ಅವನ ಬಿಸಿಯ ಮೇಲಲ್ಲ, ಹೆಂಡತಿಯ ನಾಲಿಗೆಯ ಮೇಲೆ. ದಿನಾ ಬೆಳಿಗ್ಗೆ ಕಲಸಿದ ಹಿಟ್ಟಿನಿಂದ ಚೂರು ಕಿತ್ತು ಬಾಯಿಗೆ ಹಾಕಿಕೊಂಡು, ಉಪ್ಪು ಸಾಲದು, ಹುಳಿ ಬಂದಿಲ್ಲ, ಇನ್ನೂ ಸ್ವಲ್ಪ ಹೊತ್ತು ಬಿಡಿ ಎಂದು ತೀರ್ಪು ಕೊಡುವವಳು ಅವಳು. ಮದುವೆಯಾದ ಮೇಲೆ ಅವನು ಉಪ್ಪು ಅಳೆದದ್ದೇ ಇಲ್ಲ. ಕೈಗೆ ಬಂದಷ್ಟು ಹಾಕುವುದು, ಅವಳ ಮುಖ ನೋಡುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಬಂದ ಜ್ವರ ಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಏನು ತಿಂದರೂ ಕಾಗದ ಅಗಿದ ಹಾಗೆ. ಡಾಕ್ಟರು, "ರುಚಿ ವಾಪಸ್ ಬಂದರೂ ಬರಬಹುದು, ಬರದೆಯೂ ಇರಬಹುದು" ಎಂದರು. ಅಷ್ಟು ಹೇಳುವುದಕ್ಕೆ ಡಾಕ್ಟರೇ ಬೇಕಿತ್ತೇ ಎಂದು ಭಟ್ಟಿಯಣ್ಣ ದಾರಿಯುದ್ದಕ್ಕೂ ಗೊಣಗಿದ. ಅವಳು ಗೊಣಗಲಿಲ್ಲ. ಬೇಕರಿಗೆ ಇಳಿಯುವುದನ್ನೇ ಬಿಟ್ಟು ಮಹಡಿಯ ಕೋಣೆಯ ಕಿಟಕಿಯ ಹತ್ತಿರ ಕೂತುಬಿಟ್ಟಳು. ಊಟ ದಿನದಿನಕ್ಕೆ ಕಡಿಮೆಯಾಯಿತು. ಕೈಬಳೆ ಮೊಣಕೈವರೆಗೆ ಜಾರುವುದನ್ನು ನೋಡಿ ಅವನಿಗೆ ಹೆದರಿಕೆಯಾಯಿತು.

ಕೆಳಗೆ ಬ್ರೆಡ್ಡಿನ ಪಾಡು ನಾಯಿಪಾಡು. ಒಂದು ದಿನ ಸಪ್ಪೆ, ಒಂದು ದಿನ ಸಮುದ್ರ. ಹಾಸ್ಟೆಲಿನ ಅಡುಗೆಯವನು ಒಂದು ಬುಟ್ಟಿ ಬ್ರೆಡ್ಡನ್ನು ಹಾಗೇ ವಾಪಸು ಕಳಿಸಿದ. ಪಕ್ಕದ ಮನೆಯಲ್ಲಿದ್ದ ನಲ್ಲಿ ರಿಪೇರಿಯವನಂತೂ ಗೋಡೆಯ ಆಚೆಯಿಂದಲೇ, "ಏನಣ್ಣ, ಇವತ್ತು ಬ್ರೆಡ್ಡಿಗೆ ಉಪ್ಪು ಹಾಕಿದ್ಯೋ, ಉಪ್ಪಿಗೆ ಬ್ರೆಡ್ಡು ಹಾಕಿದ್ಯೋ?" ಎಂದು ಕೂಗಿದ. ಮದುವೆಮನೆಗೆ ಹೋಗಿ, ಉಂಡು, ಮದುಮಗನ ಮೂಗು ಸೊಟ್ಟ ಎಂದು ಮದುಮಗನಿಗೇ ಹೇಳಿ ಬಂದ ಆಸಾಮಿ ಅವನು. ಆ ಮಾತು ಮಹಡಿಗೂ ಕೇಳಿಸಿತು.

ಅವತ್ತೇ ಅವಳು ಗಂಡನನ್ನು ಕರೆದು ಕಿಟಕಿಯಿಂದ ಹಿತ್ತಲು ತೋರಿಸಿದಳು. ಜ್ವರಕ್ಕೆ ಮುಂಚೆ ಅವಳೇ ನೆಟ್ಟ ಟೊಮೆಟೊ ಗಿಡಗಳಲ್ಲಿ ಕಾಯಿ ಜೋತಾಡುತ್ತಿದ್ದವು, ಎಲ್ಲವೂ ಹಸಿರು.

"ಅದರ ರುಚಿ ನಂಗೆ ಚಿಕ್ಕಂದಿನಿಂದ ಗೊತ್ತು ರೀ. ಅದೊಂದು ಹಣ್ಣಾಗಲಿ, ತಿಂದು ನೋಡ್ತೀನಿ. ಅದೂ ಸಪ್ಪೆ ಅನ್ನಿಸಿದರೆ ಮುಗೀತು. ಆಮೇಲೆ ನೀವು ಹಿಟ್ಟು ನೋಡೋಕೆ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ. ನನ್ನ ಕರೀಬೇಡಿ."

ಅವಳು ಆಡಿದ ಮಾತಿಗೆ ತಪ್ಪುವವಳಲ್ಲ ಎಂಬುದೇ ಅವನ ಸಂಕಟ. ಅಲ್ಲಿಂದಾಚೆ ಅವನ ಜೀವವೆಲ್ಲ ಹಿತ್ತಲಲ್ಲಿ. ಬಿಸಿಲು ದಿನಕ್ಕೊಂದು ಗೇಣು ಹಿಂದೆ ಸರಿಯುತ್ತಿತ್ತು, ಚಳಿಗಾಳಿಗೆ ಹಲ್ಲು ಬಂದಿತ್ತು. ಕಾಯಿಗಳು ಮಾತ್ರ ತಮಗೆ ಸಂಬಂಧವೇ ಇಲ್ಲವೆಂಬಂತೆ ಹಸಿರಾಗಿಯೇ ಕೂತಿದ್ದವು. ಒಂದು ಸಂಜೆ ರೇಡಿಯೋದಲ್ಲಿ, ಇವತ್ತು ರಾತ್ರಿ ಹಿಮ ಬೀಳುತ್ತದೆ ಎಂದರು. ಹಿಮ ಬಿದ್ದರೆ ಬೆಳಗಾಗುವಷ್ಟರಲ್ಲಿ ಗಿಡವೂ ಇಲ್ಲ, ಕಾಯಿಯೂ ಇಲ್ಲ. ಅವನು ಬ್ರೆಡ್ಡಿನ ಬುಟ್ಟಿ ಹಿಡಿದು ಓಡಿದ. ಬೆಳಕಿರುವಷ್ಟು ಹೊತ್ತು ತಡಕಾಡಿ, ಒಂದೂ ಬಿಡದೆ ಕಿತ್ತು ತಂದ.

ಮುಂದೇನು ಮಾಡಬೇಕೆಂದು ಯಾರನ್ನಾದರೂ ಕೇಳಬಹುದಿತ್ತು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಬಿಸಿಗೆ ಹಿಟ್ಟು ಉಬ್ಬುತ್ತದೆ ಎಂದ ಮೇಲೆ ಟೊಮೆಟೊ ಕೆಂಪಾಗದೆ ಏನು ಮಾಡೀತು? ದಪ್ಪ ಕಾಯಿಗಳನ್ನೆಲ್ಲ ಆರಿಸಿ, ತಟ್ಟೆಯಲ್ಲಿ ಜೋಡಿಸಿ, ಭಟ್ಟಿಯ ನೆತ್ತಿಯ ಮೇಲೆ ಇಟ್ಟ. ಅಲ್ಲಿ ಹಿಡಿಸದ ಸಣ್ಣಪುಟ್ಟವು ಬುಟ್ಟಿಯಲ್ಲೇ ಉಳಿದವು.

ಎರಡು ದಿನ ಬಿಟ್ಟು ನೋಡಿದ. ಕಾಯಿಗಳು ಕಾಮಾಲೆ ಬಂದವರ ಹಾಗೆ ಹಳದಿಯಾಗಿ, ತೊಗಲು ಸುಕ್ಕಾಗಿ, ಮುಟ್ಟಿದರೆ ಕುಸಿಯುತ್ತಿದ್ದವು. ಒಂದು ಒಡೆದು ತಟ್ಟೆ ತುಂಬ ರಸ ಸುರಿದಿತ್ತು. ಅವನು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಹಿಟ್ಟಿನ ಮೂಟೆಯ ಮೇಲೆ ಕೂತ. ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

"ಎಲ್ಲಿಟ್ಟಿದ್ದೀರಿ ನನ್ನ ಕಾಯಿನ?"

ಜ್ವರ ಬಂದ ಮೇಲೆ ಅವಳು ಬೇಕರಿಗೆ ಇಳಿದದ್ದು ಅದೇ ಮೊದಲು. ತಟ್ಟೆ ನೋಡಿದಳು. ಕಣ್ಣು ಕೆಂಪಾಯಿತು, ಟೊಮೆಟೊ ಆಗಬೇಕಾದಷ್ಟು ಕೆಂಪು.

"ಬೇಯಿಸಿಬಿಟ್ರಲ್ಲ ರೀ! ಟೊಮೆಟೊ ಏನು ನಿಮ್ಮ ಬನ್ನಾ? ಬೆಚ್ಚಗಿದ್ರೆ ಸಾಕು ಅದಕ್ಕೆ, ಸುಡಬಾರದು. ನನ್ನ ನಾಲಿಗೆ ಹೋಗಿದೆ, ನಿಮ್ಮ ತಲೆನೂ ಹೋಯ್ತಾ?"

ಅವನು ಬುಟ್ಟಿಯನ್ನು ಮುಂದೆ ತಳ್ಳಿದ. ಅವಳು ನೆಲದ ಮೇಲೆ ಕೂತು, ಉಳಿದ ಸಣ್ಣ ಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಪೆಟ್ಟಾದದ್ದು, ತೀರ ಎಳೆಯದು ಆಚೆ ಹೋಯಿತು. ಬಲಿತವು ಒಂದು ಹಿಡಿಯಷ್ಟು ಉಳಿದವು. ಅವನ್ನು ಕಾಗದದಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಕಳಿತ ಬಾಳೆಹಣ್ಣಿನ ಜೊತೆ ಇಟ್ಟು, ಮಹಡಿಗೆ ಒಯ್ದು ಮಂಚದ ಕೆಳಗೆ ತಳ್ಳಿದಳು. "ನಾನು ಹೇಳೋವರೆಗೂ ಇದನ್ನ ಮುಟ್ಟಿದ್ರೆ ನೋಡಿ."

ಹಿಟ್ಟನ್ನು ಮಧ್ಯಾಹ್ನದೊಳಗೆ ಬ್ರೆಡ್ಡು ಮಾಡಿ ರೂಢಿಯಾದವನಿಗೆ ಕಾಯುವುದೆಂದರೆ ಶಿಕ್ಷೆ. ಅವಳು ಬಚ್ಚಲಿಗೆ ಹೋದಾಗಲೆಲ್ಲ ಕಳ್ಳಬೆಕ್ಕಿನ ಹಾಗೆ ಮಂಚದಡಿ ತೂರುತ್ತಿದ್ದ. ಹಿಟ್ಟು ಒತ್ತಿ ನೋಡುವ ಬೆರಳು ಸುಮ್ಮನಿರಬೇಕಲ್ಲ? ಒತ್ತಿದಲ್ಲೆಲ್ಲ ಹೆಬ್ಬೆಟ್ಟಿನ ಗುರುತಾಗಿ, ಆ ಗುರುತೇ ಕೊಳೆಯಿತು. ಅವಳು ಕೊಳೆತದ್ದನ್ನು ಎಸೆಯುತ್ತ ಬಂದಳು, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಕೊನೆಗೆ ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಒಂದು. ಅದು ತೊಟ್ಟಿನ ಕಡೆ ಹಸಿರು ಬಿಟ್ಟು, ನಿಧಾನವಾಗಿ, ಅಂತೂ ಕೆಂಪಾಯಿತು.

ಆ ಬೆಳಿಗ್ಗೆ ಅವಳು ಅದನ್ನು ಕಿಟಕಿಯ ಹತ್ತಿರ ಕೂತು ಹೋಳು ಮಾಡಿದಳು. ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅವನು ಅವಳ ಮುಖವನ್ನೇ ನೋಡಿದ.

"ಚೆನ್ನಾಗಿದೆ" ಎಂದಳು.

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಒಂದು ಕೊಂಕು ಸೇರಿಸದೆ ಯಾವುದನ್ನೂ ಚೆನ್ನಾಗಿದೆ ಅಂದವಳಲ್ಲ.

"ಸುಳ್ಳು ಹೇಳಬೇಡ ಕಣೇ."

"ಏನೂ ಇಲ್ಲ ರೀ. ನೆನೆದ ಹತ್ತಿ ಅಗಿದ ಹಾಗಿದೆ. ನುಂಗೋ ಹೊತ್ತಿಗೆ ಚೂರು ಹುಳಿ, ಅಷ್ಟೇ. ಸಿಹಿ ಅನ್ನೋದು ಹೆಸರಿಗೂ ಇಲ್ಲ. ಮುಗೀತು ಬಿಡಿ." ಅಷ್ಟು ದಿನ ತಡೆದಿದ್ದ ಅಳು ಒಮ್ಮೆಗೇ ಒಡೆಯಿತು.

ಏನು ಮಾಡಬೇಕೆಂದು ತೋಚದೆ ಅವನೂ ಒಂದು ಹೋಳು ಬಾಯಿಗೆ ಹಾಕಿಕೊಂಡ. ಅಗಿದ. ಅಗಿಯುವುದನ್ನು ನಿಲ್ಲಿಸಿದ. ಮತ್ತೆ ಅಗಿದ.

"ಲೇ, ಇದು ಇರೋದೇ ಹಾಗೆ! ಹತ್ತಿ ಥರಾನೇ ಇದೆ. ಕೊನೇಲಿ ಚೂರು ಹುಳಿ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀರಿ."

"ನಿನ್ನಾಣೆ!"

"ಆಣೆ ಇಟ್ಟು ಎಷ್ಟು ಸಲ ಸುಳ್ಳು ಹೇಳಿಲ್ಲ ನೀವು?" ಎಂದು ಅವಳು ಮುಖ ತಿರುಗಿಸಿದಳು. ಲೋಕದಲ್ಲಿ ಅವಳು ನಂಬುವಂಥ ಬಾಯಿ ಯಾವುದು? ಅವನು ಉಳಿದ ಹೋಳನ್ನು ಅಂಗೈಯಲ್ಲಿ ಹಿಡಿದು ಮೆಟ್ಟಿಲಿಳಿದು, ಹಿತ್ತಲ ಗೋಡೆಯ ಹತ್ತಿರ ಓಡಿ ನಲ್ಲಿಯವನನ್ನು ಕೂಗಿದ. ಮೇಲೆ ಕಿಟಕಿ ತೆರೆಯಿತು.

"ಏನೂ ಹೇಳಿಕೊಡಬೇಡಿ" ಎಂದಳು ಹೆಂಡತಿ, ಮೂಗು ಒರೆಸಿಕೊಳ್ಳುತ್ತ.

ನಲ್ಲಿಯವನು ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಬಂದ. "ತಿಂದು ಹೇಳು" ಎಂದು ಭಟ್ಟಿಯಣ್ಣ ಹೋಳನ್ನು ಅವನ ಕೈಗಿಟ್ಟ. ಅಷ್ಟೇ ಅಂದ, ಮುಂದೆ ಮಾತಾಡಿದರೆ ಅಳುತ್ತಿದ್ದ. ಆ ಮನುಷ್ಯ ಅಗಿಯುತ್ತ ಒಮ್ಮೆ ಆಕಾಶ ನೋಡಿದ, ಒಮ್ಮೆ ಗೋಡೆ ನೋಡಿದ, ಆಮೇಲೆ ಮುಖ ಕಿವುಚಿ ಉಗಿದ.

"ಇದೇನಣ್ಣ, ಟೊಮೆಟೊನಾ? ಹಾಸಿಗೆ ಕಿತ್ತು ಹತ್ತಿ ತಂದ್ಯಾ? ಅಷ್ಟು ಹೊತ್ತು ಅಗಿದ ಮೇಲೆ ಒಂಚೂರು ಹುಳಿ ಬಂತು, ಅದೂ ನಾಚಿಕೊಂಡು. ಸಿಹಿ ಎಲ್ಲೋಯ್ತು? ಥೂ!"

ಅಷ್ಟು ಸೊಗಸಾದ ಬೈಗುಳವನ್ನು ಭಟ್ಟಿಯಣ್ಣ ಜನ್ಮದಲ್ಲಿ ಕೇಳಿರಲಿಲ್ಲ. ಗೋಡೆಯ ಮೇಲಿಂದ ಬಾಗಿ ಆ ಮನುಷ್ಯನ ಎರಡೂ ಕೆನ್ನೆ ಹಿಡಿದುಕೊಂಡ. "ಬಿಡಣ್ಣ, ಹುಚ್ಚು ಹಿಡೀತಾ?" ಎಂದು ಅವನು ಕೊಸರಾಡಿದ.

ಭಟ್ಟಿಯಣ್ಣ ತಲೆಯೆತ್ತಿ ನೋಡಿದ. ಅವಳು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಕೆಳಗಿನಿಂದ ತಿಳಿಯಲಿಲ್ಲ. ಆಮೇಲೆ ಕೈ ತೆಗೆದಳು.

"ರೀ, ಇವತ್ತು ಹಿಟ್ಟು ಕಲಸಾಯ್ತಾ?"

"ಇಲ್ಲ."

"ನಾನು ಬರೋವರೆಗೂ ಉಪ್ಪು ಮುಟ್ಟಬೇಡಿ" ಎಂದು ಅವಳು ಕಿಟಕಿ ಮುಚ್ಚಿದಳು.